ಸೋಗು ಎಂದ ಭಾವನ ಗಡ್ಡ

ಭಾವ ಆಡಿದ ಆ ಒಂದು ಮಾತನ್ನು ಹಗುರಣ್ಣ ಇವತ್ತಿಗೂ ನುಂಗಿಕೊಂಡಿಲ್ಲ. ಬೈಗುಳವಾಗಿದ್ದರೆ ತಿರುಗಿ ನಾಲ್ಕು ಬೈದು ಮರೆತುಬಿಡುತ್ತಿದ್ದ. ಕೋಪಕ್ಕೇನೂ ಅವನಲ್ಲಿ ಬರಗಾಲವಿಲ್ಲ. ಆದರೆ ಭಾವ ಅಂದದ್ದು, "ಕಾಯಿಲೆನೂ ಇಲ್ಲ ಕಸಾಲೆನೂ ಇಲ್ಲ, ಬರೀ ಸೋಗು." ಅದೂ ಮನೆಯೊಳಗಲ್ಲ, ಬಾಗಿಲು ಹಾಕಿದ ಹಗುರಣ್ಣನ ಕ್ಷೌರದಂಗಡಿಯ ಮುಂದೆ ಕಾದು ನಿಂತಿದ್ದ ಗಿರಾಕಿಗಳ ಎದುರಿಗೆ. ಸಂಜೆಯೊಳಗೆ ಮಾತು ಅವನ ಹಾಸಿಗೆಯ ತನಕ ನಡೆದು ಬಂತು.

ಹಗುರಣ್ಣ ಎಂಬುದು ಗಿರಾಕಿಗಳೇ ಇಟ್ಟ ಹೆಸರು. ಕತ್ತಿ ಗಂಟಲ ಮೇಲೆ ಹರಿದದ್ದೇ ತಿಳಿಯದಷ್ಟು ಕೈ ಹಗುರ. ಬಾಯಿ ಮಾತ್ರ ಭಾರ. ತಲೆ ಅಲ್ಲಾಡಿಸಿದವರಿಗೆ, "ತಲೆ ಇಲ್ಲೇ ಬಿಟ್ಟು ಹೋಗಿ, ಕತ್ತರಿಸಿ ಆಮೇಲೆ ಕಳಿಸ್ತೀನಿ" ಎಂದು ಗದರುವವನು. ಅಂಥವನ ಬಾಯಿ ಒಂದು ವರ್ಷ ತಾನಾಗಿಯೇ ಮುಚ್ಚಿಕೊಂಡಿತು. ಗದರುವುದಕ್ಕೂ ಒಂದು ಉಮೇದು ಬೇಕಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟುವುದೇ ಬೆಟ್ಟ ಹತ್ತಿದಂತೆ ಆಗುತ್ತಿತ್ತು. ಕನ್ನಡಿಯಲ್ಲಿ ಗಿರಾಕಿಯ ಹಿಂದೆ ಕಾಣುವ ಮುಖ ತನ್ನದೇ ಎಂದು ನಂಬಲು ಹೊತ್ತು ಹಿಡಿಯುತ್ತಿತ್ತು. ಹೆಂಡತಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಖಿನ್ನತೆ ಎಂದರು, ಮಾತ್ರೆ ಬರೆದರು.

ಮಾತ್ರೆಯ ಮೇಲೆ ಸುಳ್ಳು ಹೇಳಬಾರದು. ಕೆಲವು ವಾರ ಕಳೆದ ಮೇಲೆ ಎದೆಯ ಮೇಲಿನ ಭಾರ ತುಸು ಇಳಿಯಿತು, ಊಟ ನಾಲಿಗೆಗೆ ಹತ್ತಿತು. ಆದರೆ ಬಲಗೈ ನಡುಗತೊಡಗಿತು. ದೊಡ್ಡ ನಡುಕವಲ್ಲ, ಹಿಡಿದ ಲೋಟದ ನೀರು ಸಣ್ಣಗೆ ಅಲುಗುವಷ್ಟು. ಬೇರೆ ಕಸುಬಿನವನಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೆಯ ಗಿರಾಕಿಯೊಬ್ಬನ ಕಿವಿಯಂಚು ಕೊಯ್ದ ದಿನ ಅವನು ಮನೆಗೆ ಬಂದು ಮಾತ್ರೆಗಳನ್ನೆಲ್ಲ ಬಚ್ಚಲಿಗೆ ಸುರಿದ. ಡಾಕ್ಟರಮ್ಮನನ್ನು ಕೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕೈ ನಡುಕವೇನೋ ನಿಂತಿತು. ಆದರೆ ತಲೆಸುತ್ತು ಬಂತು, ನಿದ್ದೆ ಹೋಯಿತು, ಕೊನೆಗೆ ಹಾಸಿಗೆಯೇ ಗತಿಯಾಯಿತು. ಭಾವ ಸೋಗು ಎಂದದ್ದು ಆಗಲೇ.

"ಬಿಡೋದಾದ್ರೆ ನನ್ನ ಹತ್ರ ಜಗಳ ಆಡಿ ಬಿಡ್ಬೇಕಿತ್ತು," ಎಂದರು ಡಾಕ್ಟರಮ್ಮ, ಹೆಂಡತಿ ಅವನನ್ನು ಮತ್ತೆ ಆಸ್ಪತ್ರೆಗೆ ಎಳೆದೊಯ್ದಾಗ. "ಸ್ವಲ್ಪ ಸ್ವಲ್ಪವಾಗಿ ಇಳಿಸ್ತಿದ್ದೆ. ಈಗ ಬೇರೆ ಮಾತ್ರೆ ಕೊಡಬಹುದು. ಹಿಡಿಯುತ್ತೋ ಇಲ್ವೋ ತಿಳಿಯೋಕೆ ಮತ್ತೆ ಕೆಲವು ವಾರ ಬೇಕು. ಕೈ ನಡುಗಲ್ಲ ಅಂತ ಮಾತು ಕೊಡೋಕಾಗಲ್ಲ. ಇಲ್ಲಾಂದ್ರೆ ಯಂತ್ರ ಇದೆ. ಕೊಯ್ಯೋದಿಲ್ಲ, ಪ್ರಜ್ಞೆ ತಪ್ಪಿಸೋದಿಲ್ಲ. ಅಯಸ್ಕಾಂತದ ಸುರುಳಿ ತಲೆಗೆ ಹಿಡಿದು ಟಕಟಕ ಅನ್ನಿಸ್ತಾರೆ. ತಲೆ ನೋಯಬಹುದು. ಒಂದೂವರೆ ತಿಂಗಳು, ಶನಿವಾರ ಭಾನುವಾರ ಬಿಟ್ಟು ದಿನಾ ಬರ್ಬೇಕು."

"ಎರಡ್ರಲ್ಲಿ ಯಾವುದು ಒಳ್ಳೇದು?"

"ಮಾತ್ರೆ ಮನೇಲೇ ಕೂತು ನುಂಗಬಹುದು, ಬಹಳ ಜನಕ್ಕೆ ಅದೇ ಸಾಕು. ಮಾತ್ರೆಗೆ ಬಗ್ಗದವರಲ್ಲಿ ಕೆಲವರು ಯಂತ್ರಕ್ಕೆ ಬಗ್ತಾರೆ. ನೀವು ಯಾವ ಪೈಕಿ ಅಂತ ಮಾಡಿ ನೋಡದೆ ಹೇಳೋಕಾಗಲ್ಲ."

"ಅಂದ್ರೆ ನಿಮಗೂ ಗೊತ್ತಿಲ್ಲ."

"ಗೊತ್ತಿಲ್ಲ."

ಅಷ್ಟು ದಿನದಲ್ಲಿ ಅವನಿಗೆ ಹಿಡಿಸಿದ ಉತ್ತರ ಅದೊಂದೇ. ಯಂತ್ರಕ್ಕೇ ಒಪ್ಪಿಕೊಂಡ.

ದಿನಾ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂದು ಹೆಂಡತಿ ಚಿಂತೆ ಮಾಡುತ್ತಿರುವಾಗಲೇ ಮನೆ ಮುಂದೆ ಸ್ಕೂಟರು ಕೆಮ್ಮಿತು. ಭಾವ. ಕ್ಷೌರದಂಗಡಿಯ ಪಕ್ಕದಲ್ಲೇ ಅವನ ಬೀಗ ರಿಪೇರಿ ಅಂಗಡಿ. ಅದರ ಬಾಗಿಲು ಎಳೆದು ಬಂದಿದ್ದ.

"ನಿಮ್ಮಕ್ಕ ಕಳಿಸಿದ್ಲು, ಹತ್ತು," ಎಂದ. ಇವನು ಮುಖ ತಿರುಗಿಸಿಕೊಂಡೇ ಹತ್ತಿದ. ಸೋಗು ಎಂಬ ಮಾತು ಇಬ್ಬರ ನಡುವೆ ಮೂರನೆಯವನಂತೆ ಕೂತು ಬಂತು.

ಮೊದಲ ದಿನ ಯಂತ್ರದ ಹುಡುಗಿ ಕಿವಿಗೆ ಬಿರಡೆ ಇಟ್ಟು, ಸುರುಳಿಯನ್ನು ನೆತ್ತಿಯ ಎಡಕ್ಕೆ ಒತ್ತಿ, ಟಕ್ ಅನ್ನಿಸಿದಳು. ತೊಡೆಯ ಮೇಲಿದ್ದ ಅವನ ಬಲಗೈ ಹೆಬ್ಬೆರಳು ತಾನಾಗಿಯೇ ಎಗರಿತು. ಮತ್ತೆ ಟಕ್, ಮತ್ತೆ ಎಗರಿತು. ಕತ್ತಿಗೆ ಆನಿಕೆಯಾಗುವ ಬೆರಳು ಅದು. ಹಗುರಣ್ಣ ಕುರ್ಚಿಯಿಂದ ಎದ್ದೇಬಿಟ್ಟ. "ನಡುಕ ಬೇಡ ಅಂತ ಇಲ್ಲಿಗೆ ಬಂದ್ರೆ ಕುಣಿಸ್ತೀಯೇನಮ್ಮ?"

"ಕೂತ್ಕೊಳ್ಳಿ ಅಂಕಲ್, ಇದು ಅಳತೆ. ಬೆರಳು ಎಗರೋಕೆ ಎಷ್ಟು ಜೋರು ಬೇಕೋ ನೋಡಿ, ನಿಮ್ಮ ತಲೆಗೆ ಎಷ್ಟು ಅಂತ ಲೆಕ್ಕ ಹಾಕ್ತೀವಿ. ಆಮೇಲೆ ಸುರುಳಿ ಮುಂದಕ್ಕೆ ಸರಿಯುತ್ತೆ, ಬೆರಳು ಸುಮ್ನಿರುತ್ತೆ."

ಬಾಗಿಲ ಬಳಿ ನಿಂತಿದ್ದ ಭಾವ ಆ ಬೆರಳನ್ನೇ ನೋಡುತ್ತಿದ್ದ.

ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಜೀವಮಾನವಿಡೀ ಕಂಡವರ ತಲೆ ಬಗ್ಗಿಸಿದವನು ಇನ್ನೊಬ್ಬರ ಕುರ್ಚಿಯಲ್ಲಿ ತಲೆ ಕೊಟ್ಟು ಕೂರುತ್ತಿದ್ದ. ಮರಕುಟಿಗ ಕುಟ್ಟಿದಂತೆ ಟಕಟಕ, ಹಣೆಯಲ್ಲಿ ನೋವು, ಮತ್ತೆ ಸ್ಕೂಟರು. ಅರ್ಧ ಕಳೆದರೂ ಗುಣ ಕಾಣಲಿಲ್ಲ. ಬೆಳಿಗ್ಗೆ ಬರಲ್ಲ ಎನ್ನುವನು, ಭಾವ ಹಾರ್ನು ಒತ್ತುತ್ತಲೇ ಇರುವನು, ಅಕ್ಕಪಕ್ಕದವರು ಇಣುಕಿದಾಗ ನಾಚಿಕೆಗೆ ಎದ್ದು ಬರುವನು. ಒಂದು ದಿನ ಸಿಗ್ನಲ್ಲಿನಲ್ಲಿ ಕಾರೊಂದು ಅಡ್ಡ ನುಗ್ಗಿತು. "ಕಣ್ಣು ಮನೇಲಿ ತೊಳ್ದಿಟ್ಟು ಬಂದ್ಯೇನೋ?" ಎಂದು ಹಗುರಣ್ಣ ಹಿಂದಿನಿಂದ ಕೂಗಿದ. ಭಾವನ ಬೆನ್ನು ನಗುವಿಗೆ ಅಲುಗಿತು. "ಬಂತಪ್ಪ, ಬಾಯಿ ಬಂತು," ಎಂದ.

ಯಂತ್ರದ ಸರದಿ ಮುಗಿದ ಮೇಲೆ ಅಂಗಡಿ ತೆರೆದ. ಗಿರಾಕಿಗಳು ಕೂದಲಿಗೆ ತಲೆ ಕೊಟ್ಟರು, ಗಡ್ಡಕ್ಕೆ ಕುತ್ತಿಗೆ ಕೊಡಲಿಲ್ಲ. ಕಿವಿ ಕೊಯ್ದ ಕತೆ ಎಲ್ಲರಿಗೂ ಗೊತ್ತಿತ್ತು. ಕತ್ತಿ ಪೆಟ್ಟಿಗೆಯಲ್ಲೇ ಮಲಗಿತ್ತು. ಒಂದು ಭಾನುವಾರ, ಬೆಂಚಿನ ತುಂಬ ಜನ ಕೂತಿದ್ದಾಗ, ಭಾವ ಬಂದು ಕುರ್ಚಿಗೆ ಒರಗಿ ಗದ್ದ ಎತ್ತಿದ.

"ಶೇವಿಂಗ್."

"ಕೈ ನಂಬ್ತೀರಾ ಭಾವ?"

"ನಂಬ್ಕೆ ಗಿಂಬ್ಕೆ ನಂಗೊತ್ತಿಲ್ಲ. ಗಡ್ಡ ಬೆಳೆದಿದೆ."

ಭಾವ ಕಣ್ಣು ಮುಚ್ಚಿದ. ಸೋಗು ಅಂದದ್ದನ್ನು ವಾಪಸ್ ತಗೊಳ್ಳಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದು ಹಗುರಣ್ಣನಿಗೆ ಹೊಳೆಯದೆ ಇರಲಿಲ್ಲ. ಕೇಳದೆ ನೊರೆ ಹಚ್ಚಿದ. ಕತ್ತಿ ಕಿವಿಯ ಕೆಳಗಿಂದ ಗಂಟಲ ತನಕ ಇಳಿಯಿತು. ನೊರೆ ಬಂತು, ರಕ್ತ ಬರಲಿಲ್ಲ. ಭಾವ ಎದ್ದು ಗದ್ದ ಸವರಿಕೊಂಡು ಹೋದ ಮೇಲೆ ಬೆಂಚಿನಿಂದ ಒಬ್ಬ ಎದ್ದು, "ನಂಗೂ ಗಡ್ಡ" ಎಂದ.

ಈಗಲೂ ಎಲ್ಲ ಸರಿಯಾಗಿದೆ ಎನ್ನುವಂತಿಲ್ಲ. ಡಾಕ್ಟರಮ್ಮ ಆಮೇಲೆ ಬರೆದುಕೊಟ್ಟ ಬೇರೆ ಮಾತ್ರೆ ರಾತ್ರಿಗೊಂದು ಇದೆ, ಅದಕ್ಕೆ ಕೈ ನಡುಗಿಲ್ಲ. ಕೆಲವು ಬೆಳಗುಗಳಲ್ಲಿ ಚಪ್ಪಲಿ ಮತ್ತೆ ಬೆಟ್ಟವಾಗುತ್ತದೆ. ಗುಣ ಕಂಡದ್ದು ಯಂತ್ರದಿಂದಲೋ, ದಿನಾ ಯಾರೋ ಹಾರ್ನು ಒತ್ತಿ ಎಬ್ಬಿಸಿದ್ದರಿಂದಲೋ ಎಂದು ಕೇಳಿದರೆ ಡಾಕ್ಟರಮ್ಮನ ಉತ್ತರವನ್ನೇ ಕೊಡುತ್ತಾನೆ: "ಗೊತ್ತಿಲ್ಲ."

ಭಾವ ಭಾನುವಾರ ತಪ್ಪಿಸುವುದಿಲ್ಲ. ಆ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆ ಕುತ್ತಿಗೆಯ ಋಣ ತನ್ನ ಮೇಲಿದೆ ಎಂದು ಇವನೂ ಬಾಯಿ ಬಿಟ್ಟು ಹೇಳಿಲ್ಲ. ಹೇಳೋಣವೆಂದು ಪ್ರತಿ ಸಲ ನೊರೆ ಕಲಸುವಾಗ ಅಂದುಕೊಳ್ಳುತ್ತಾನೆ. ಭಾವ ಗದ್ದ ಎತ್ತುತ್ತಾನೆ, ಕತ್ತಿ ಕೈಗೆ ಬರುತ್ತದೆ, ಬಾಯಿಂದ ಬರುವುದು ಬೇರೆಯೇ.

"ತಲೆ ಅಲ್ಲಾಡಿಸ್ಬೇಡಿ ಭಾವ."