ಹೆಮ್ಮಿಗೆಯ ಅಂಗಳದಲ್ಲಿ ಮಂಕಾದ ತಾರೆ

ಆ ದಿನ ಬೆಳಿಗ್ಗೆ ಉಳಿದಿದ್ದ ದೋಸೆ ಹಿಟ್ಟು ತೀರಿಸಿದೆ. ಎರಡು ಬಕೆಟ್ ಬಟ್ಟೆ ಒಗೆದು ಹಾಕಿದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆ. ಕಾಲೇಜಿಗೆ ಹೋಗಿ, ರಜೆಯಲ್ಲಿ ಮುಚ್ಚಿಟ್ಟಿದ್ದ ಬೀರು ತೆಗೆದು ಮಸೂರಗಳಿಗೆ ಬೂಷ್ಟು ಹಿಡಿದಿದೆಯೇ ಎಂದು ನೋಡಿದೆ. ಯಜಮಾನರಿಗೆ ಬಿಪಿ ಮಾತ್ರೆ ತಂದಿಟ್ಟೆ. ನಾಲ್ಕು ಗಂಟೆಗೆ ನಂಜನಗೂಡು ನಿಲ್ದಾಣದಲ್ಲಿ ತಿ. ನರಸೀಪುರದ ಬಸ್ ಹತ್ತಿದೆ. ಡೈರಿಯಲ್ಲಿ ಇರುವುದು ಇಷ್ಟೇ. ಯಾಕೆ ಹೊರಟೆ ಎಂಬುದನ್ನು ಬರೆದಿಲ್ಲ. ಒಬ್ಬರು ಸುಳ್ಳು ಅಂಕಿ ಬರೆಯುತ್ತಿರುವುದನ್ನು ಎದುರಿಗೇ ಹಿಡಿಯಲು ಹೊರಟಿದ್ದೆ.

ಇದು ಎರಡು ವರ್ಷದ ಹಿಂದಿನ ಮೇ ತಿಂಗಳ ಮಾತು. ನಂಜನಗೂಡಿನ ಒಂದು ಕಾಲೇಜಿನಲ್ಲಿ ನಾನು ಭೌತವಿಜ್ಞಾನದ ಲ್ಯಾಬ್ ಇನ್‌ಸ್ಟ್ರಕ್ಟರ್. ಆ ಬೇಸಿಗೆಯಲ್ಲಿ ನಮ್ಮ ಕಾಲೇಜು ಒಂದು ನಕ್ಷತ್ರವನ್ನು ಅಳೆಯುವ ಕೆಲಸ ಹಚ್ಚಿಕೊಂಡಿತ್ತು. ದಕ್ಷಿಣದಲ್ಲಿ ಶಿಲುಬೆಯಂತೆ ಕಾಣುವ ತ್ರಿಶಂಕು ಪುಂಜವಿದೆಯಲ್ಲ, ಅದರ ಎಡತೋಳಿನ ತುದಿಯ ನೀಲಿ-ಬಿಳಿ ತಾರೆ ಅದು. ನಮ್ಮ ಸೂರ್ಯನಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬಿಸಿ. ಸುಮಾರು ನಾಲ್ಕೂವರೆ ಗಂಟೆಗೊಮ್ಮೆ ಉಬ್ಬಿ ಕುಗ್ಗುತ್ತದೆ, ಅದರೊಂದಿಗೆ ಬೆಳಕೂ ಏರಿಳಿಯುತ್ತದೆ. ಏರಿಳಿತ ಬಹಳ ಸಣ್ಣದು, ಹೆಚ್ಚೆಂದರೆ ನೂರಕ್ಕೆ ಐದಾರು ಪಾಲು. ಕಣ್ಣಿಗೆ ತಿಳಿಯುವುದಿಲ್ಲ. ಕ್ಯಾಮೆರಾದಲ್ಲಿ ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆದು, ಅದೇ ಚಿತ್ರದಲ್ಲಿರುವ ಬದಲಾಗದ ಇನ್ನೊಂದು ತಾರೆಯೊಂದಿಗೆ ಹೋಲಿಸಿ, ಕಂಪ್ಯೂಟರಿನಲ್ಲಿ ಅಳೆಯಬೇಕು.

ನಾಲ್ಕು ಜನ ಅಳೆಯುತ್ತಿದ್ದೆವು: ನಾನು, ನಮ್ಮ ಇಬ್ಬರು ಉಪನ್ಯಾಸಕರು, ಮತ್ತು ಹೆಮ್ಮಿಗೆಯ ಸಿದ್ದರಾಜು. ಸಿದ್ದರಾಜು ಅಲ್ಲಿಗೆ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಅಟೆಂಡರ್. ನಮ್ಮ ತರಬೇತಿಗೆ ತಾವಾಗಿಯೇ ಬಂದು ಕಲಿತವರು. ಕಾಲೇಜಿನ ಹಳೆಯ ಕ್ಯಾಮೆರಾವನ್ನು ಅವರಿಗೆ ಕೊಟ್ಟಿದ್ದೆವು. ನಮ್ಮ ಲ್ಯಾಬಿನಲ್ಲಿ ಸಹಾಯಕರ ಹುದ್ದೆಯೊಂದು ಖಾಲಿಯಿತ್ತು. ಈ ಕೆಲಸ ಚೆನ್ನಾಗಿ ಮಾಡಿದರೆ ಅವರನ್ನೇ ತೆಗೆದುಕೊಳ್ಳೋಣ ಎಂದು ಪ್ರಾಂಶುಪಾಲರು ಹೇಳಿದ್ದರು.

ಆದರೆ ಅವರ ಅಂಕಿಗಳು ಉಳಿದವರ ಅಂಕಿಗಳಂತೆ ಇರಲಿಲ್ಲ. ಬೆಳಕು ಒಮ್ಮೊಮ್ಮೆ ನೂರಕ್ಕೆ ಇಪ್ಪತ್ತು ಪಾಲು ಇಳಿಯುತ್ತಿತ್ತು, ಅದೂ ಸರಿಸುಮಾರು ಎರಡೂವರೆ ಗಂಟೆಗೊಮ್ಮೆ, ಗಡಿಯಾರ ಇಟ್ಟಂತೆ. ಮೂಲ ಚಿತ್ರ ಕಳಿಸಿ ಎಂದರೆ, "ಕಾರ್ಡು ಚಿಕ್ಕದು ಮೇಡಂ, ಅಳ್ದಾದ್ಮೇಲೆ ಅಳಿಸ್ಬುಟ್ಟು ಮತ್ತೆ ತುಂಬ್ತೀನಿ" ಎಂದರು. ನನಗೆ ಅಷ್ಟೇ ಸಾಕಾಯಿತು. ಪುಸ್ತಕ ನೋಡಿ ಬರೆಯುವವರಾಗಿದ್ದರೆ ನಾಲ್ಕೂವರೆ ಗಂಟೆ ಎಂದೇ ಬರೆಯುತ್ತಿದ್ದರಲ್ಲವೇ ಎಂಬ ಪ್ರಶ್ನೆ ಒಮ್ಮೆ ಬಂತು. ಅರ್ಧ ತಿಳಿದು ಬರೆದಿದ್ದಾರೆ ಎಂದು ನಾನೇ ಉತ್ತರ ಹೇಳಿಕೊಂಡೆ. ಸಂಶಯ ಹೊಕ್ಕ ಮೇಲೆ ಎಲ್ಲವೂ ಅದಕ್ಕೇ ಒಪ್ಪುತ್ತದೆ.

ಪ್ರಾಂಶುಪಾಲರು, "ಹೋಗಿ ಒಂದು ರಾತ್ರಿ ಇದ್ದು ನೋಡ್ಕೊಂಡು ಬನ್ನಿ. ಸುಳ್ಳಾದ್ರೆ ಕ್ಯಾಮೆರಾನ ಜೊತೇಲೇ ತಂದ್ಬಿಡಿ" ಎಂದಿದ್ದರು. ಕ್ಯಾಮೆರಾ ವಾಪಸು ಬಂದರೆ ಹುದ್ದೆಯೂ ಹೋಯಿತೆಂದೇ ಅರ್ಥ. ಅದಕ್ಕಾಗಿ ಖಾಲಿ ಬಟ್ಟೆ ಚೀಲವೊಂದನ್ನು ಮಡಿಸಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ನರಸೀಪುರದಲ್ಲಿ ಬಸ್ ಬದಲಿಸಿ ಹೆಮ್ಮಿಗೆ ತಲುಪಿದಾಗ ಆರೂವರೆ. ಸಿದ್ದರಾಜು ನಿಲ್ದಾಣಕ್ಕೇ ಬಂದಿದ್ದರು. ಮನೆಯಲ್ಲಿ ಅವರು ಮತ್ತು ತಾಯಿ ಇಬ್ಬರೇ. ಕೈಕಾಲು ತೊಳೆದು ಟವಲನ್ನು ಅಂಗಳದ ಹಗ್ಗದ ಮೇಲೆ ಹಾಕಿದೆ. ಎಂಟಕ್ಕೆ ಮೊದಲೇ ಅವರು ಟ್ರೈಪಾಡ್ ನಿಲ್ಲಿಸಿ, ಕ್ಯಾಮೆರಾವನ್ನು ದಕ್ಷಿಣಕ್ಕೆ ತಿರುಗಿಸಿದರು. ನಾನು ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪ್ರತಿ ಚಿತ್ರದ ಹೊತ್ತನ್ನು ಫೋನಿನಲ್ಲಿ ನೋಡಿ ಬೇರೆ ಬರೆದುಕೊಳ್ಳತೊಡಗಿದೆ.

"ಎದುರ್ಗೇ ಬಂದು ಕೂತ್ಕಳಿ ಮೇಡಂ," ಎಂದರು ತಿರುಗದೆಯೇ. "ಕಾಪಿ ಒಡೆಯೋನ ಇಡಿಯಾಕೆ ಬಂದೋರು ಹಿಂದ್ಗಡೆ ಕೂತ್ರೆ ಏನ್ ಕಾಣ್ತದೆ? ಸೊಳ್ಳೆ ಬೇರೆ."

ನನಗೆ ಮುಖ ಬಿಸಿಯಾಯಿತು. ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡೆ. ಅವರ ಕೆಲಸದಲ್ಲಿ ತಪ್ಪು ಸಿಗಲಿಲ್ಲ. ಅದರಿಂದ ನನ್ನ ಸಂಶಯ ಇಳಿಯಲಿಲ್ಲ, ಇನ್ನೂ ಹೆಚ್ಚಾಯಿತು. ನಾನಿದ್ದೇನೆಂದು ಸರಿಯಾಗಿ ಮಾಡುತ್ತಿದ್ದಾರೆ ಅಂದುಕೊಂಡೆ.

ಎಂಟೂವರೆ ದಾಟಿತ್ತು. ಒಳಗಿನಿಂದ ಅವರ ತಾಯಿ ಸರಸರ ಬಂದು ನನ್ನ ಟವಲನ್ನು ಹಗ್ಗದಿಂದ ಎಳೆದುಕೊಂಡರು.

"ಯಾಕಮ್ಮ, ಇನ್ನೂ ಒಣಗಿಲ್ಲವಲ್ಲ?"

"ಮಸಿ ಬೀಳೋ ಒತ್ತು ಕಣವ್ವ. ಅಲ್ಲಿ ಆಲೆಮನೆ ಐತಲ್ಲ, ಕೊಪ್ಪರಿಗೆಗೆ ಕಬ್ಬಿನ ಆಲು ಬುಟ್ಟು ಒಲೆಗೆ ಅಸಿ ರಚ್ಚು ತುರುಕ್ತಾರೆ. ಒಗೆ ಎದ್ರೆ ಬಿಳಿ ಬಟ್ಟೆ ಕರೀದಾಯ್ತದೆ."

ರಚ್ಚು ಎಂದರೆ ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆ, ಬೆಲ್ಲದ ಒಲೆಗೆ ಅದೇ ಸೌದೆ. ಸ್ವಲ್ಪ ಹೊತ್ತಿಗೆ ಸಿಹಿಯೂ ಕಮಟೂ ಬೆರೆತ ವಾಸನೆ ಬಂತು. ಗದ್ದೆಯಾಚೆ, ದಕ್ಷಿಣ ದಿಕ್ಕಿನಲ್ಲಿ, ಹೊಗೆಯ ಪಟ್ಟಿಯೊಂದು ತಗ್ಗಿನಲ್ಲೇ ಹರಡಿಕೊಂಡಿತು. ಸಿದ್ದರಾಜು ಚಿತ್ರ ತೆಗೆದು, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು, ಅಂಚಿನಲ್ಲಿ 'ಆ' ಎಂದು ಗೀಚಿದರು.

"ಏನದು ಆ?"

"ಆಲೆಮನೆ, ಮೇಡಂ."

ನೋಟ್‌ಬುಕ್ಕನ್ನು ಅವರ ಕೈಯಿಂದ ಕಿತ್ತುಕೊಂಡಂತೆಯೇ ತೆಗೆದುಕೊಂಡೆ. ಅವರು ನನಗೆ ಕಳಿಸಿದ್ದ ಹಾಳೆಗಳನ್ನು ಪಕ್ಕದಲ್ಲಿಟ್ಟು ಟಾರ್ಚ್ ಹಾಕಿದೆ. ಬೆಳಕು ಇಪ್ಪತ್ತು ಪಾಲು ಇಳಿದಲ್ಲೆಲ್ಲ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು 'ಆ' ಇತ್ತು. ಒಂದು ಕೊಪ್ಪರಿಗೆ ಬೆಲ್ಲವಾಗಲು ಎರಡೂವರೆ ಗಂಟೆ. ಅವರು ಅಳೆದದ್ದು ತಾರೆಯ ಮಿಡಿತವನ್ನಲ್ಲ, ಬೆಲ್ಲದ ಒಲೆಯನ್ನು.

ಆಗಲೂ ನನ್ನ ಮನಸ್ಸು ಸುಮ್ಮನಿರಲಿಲ್ಲ. ನಾನು ಬರುವ ಸುದ್ದಿ ತಿಳಿದು ನಿನ್ನೆಯೇ ಕೂತು 'ಆ' ಸೇರಿಸಿದ್ದರೆ? ಏಪ್ರಿಲ್ ಕೊನೆಯಲ್ಲಿ ಒಂದೂ 'ಆ' ಇಲ್ಲದ ನಾಲ್ಕು ಸಂಜೆಗಳಿದ್ದವು. ಅವರಿಗೆ ಕೇಳದಂತೆ ಒಳಗೆ ಹೋಗಿ, ಆಲೆಮನೆ ಎಂದಾದರೂ ನಿಲ್ಲುತ್ತದೆಯೇ ಎಂದು ತಾಯಿಯನ್ನು ವಿಚಾರಿಸಿದೆ.

"ಎಲ್ಲವ್ವ ನಿಂತದೆ? ಓದ್ ತಿಂಗ್ಳು ಕೊನೇಲಿ ಗಾಣ ಕೆಟ್ಟು ನಾಕು ದಿನ ನಿಂತಿತ್ತು ನೋಡು. ಸಿಕ್ಕಿದ್ದೇ ಸಾಕು ಅಂತ ಮನೇಲಿರೋ ಕಂಬ್ಳಿ, ರಗ್ಗು ಎಲ್ಲಾನೂ ಒಗ್ದಾಕ್ಬುಟ್ಟೆ."

ಕಂಬಳಿ ಒಗೆದ ದಿನವನ್ನು ಹೆಂಗಸು ಮರೆಯುವುದಿಲ್ಲ, ಅದು ನನಗೆ ಗೊತ್ತು. ಹೊರಗೆ ಬಂದು ಆ ನಾಲ್ಕು ಸಂಜೆಯ ಅಂಕಿಗಳನ್ನು ನನ್ನವುಗಳ ಪಕ್ಕ ಇಟ್ಟೆ. ಏರಿಳಿತ ಐದಾರು ಪಾಲು. ಏರಿದ ಹೊತ್ತು, ಇಳಿದ ಹೊತ್ತು ಎರಡೂ ನನ್ನದರೊಂದಿಗೆ ಹೊಂದಿದವು. ತಾರೆ ಹೆಮ್ಮಿಗೆಯಲ್ಲೂ ಮಿಡಿದಿತ್ತು.

"ಇದನ್ನ ನನಗ್ಯಾಕೆ ಹೇಳಲಿಲ್ಲ ಸಿದ್ದರಾಜು?"

"ನೀವು ಕೊಟ್ಟ ಫಾರಂನಲ್ಲಿ ಅದ್ಕೆ ಜಾಗ ಎಲ್ಲಿತ್ತು? ಮೊದುಲ್ನೇ ವಾರ ಫೋನ್ ಮಾಡಿ ಕೇಳ್ದೆ. ಕೇಳಿದಷ್ಟು ತುಂಬಿಸಿ ಸಾಕು ಅಂದ್ಬುಟ್ರಿ. ಮೋಡ ಮಂಜು ಏನ್ ಬಂದ್ರೂ ಎರಡು ತಾರೇನೂ ಒಟ್ಟಿಗೇ ಮಂಕಾಯ್ತವೆ, ಎದರ್ಬೇಡಿ ಅಂತ ತರಬೇತೀಲಿ ಯೋಳ್ದೋರೂ ನೀವೇ."

ಹೇಳಿದ್ದೆ. ಆದರೆ ಹೋಲಿಕೆಯ ತಾರೆ ನಮ್ಮ ತಾರೆಗಿಂತ, ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯಷ್ಟು ಮೇಲಿತ್ತು. ತಗ್ಗಿನಲ್ಲಿ ಹರಡುವ ಹೊಗೆ ಕೆಳಗಿನದನ್ನು ಮಂಕು ಮಾಡಿ ಮೇಲಿನದನ್ನು ಬಿಟ್ಟಿತ್ತು. ಆ ಫೋನ್ ಮಾತ್ರ ನನಗೆ ನೆನಪಿರಲಿಲ್ಲ. ಬ್ಯಾಗಿನಿಂದ ಡೈರಿ ತೆಗೆದು ಏಪ್ರಿಲ್ ಪುಟಗಳನ್ನು ತಿರುವಿದೆ. ಇತ್ತು. "ಸಿದ್ದರಾಜು ಫೋನ್. ಸಾರು ಸೀದಿತು." ಸಾರಿನ ಅವಸರದಲ್ಲಿ ಒಬ್ಬರ ಪ್ರಶ್ನೆಗೆ ಬಾಗಿಲು ಹಾಕಿ, ತಿಂಗಳಾದ ಮೇಲೆ ಅವರನ್ನೇ ಕಳ್ಳನೆಂದು ಹಿಡಿಯಲು ಬಂದಿದ್ದೆ.

"ತಪ್ಪು ನನ್ನದು," ಎಂದೆ.

"ಇರ್ಲಿ ಬುಡಿ ಮೇಡಂ. ಕೊಪ್ಪರಿಗೆ ಎಷ್ಟೊತ್ಗೆ ಏರ್ತದೆ ಅಂತ ಆಲೆಮನೆಯೋರ್ಗೂ ಇಷ್ಟು ಕರೆಕ್ಟಾಗಿ ಗೊತ್ತಿರಾಕಿಲ್ಲ."

ಊರಿಗೆ ಮರಳಿ ಫಾರಂಗೆ 'ಷರಾ' ಎಂಬ ಒಂದು ಕಾಲಂ ಸೇರಿಸಿದೆ. ಉಳಿದವರಿಂದಲೂ ನೋಟ್‌ಬುಕ್ ಮತ್ತು ಮೂಲ ಚಿತ್ರ ಕೇಳಿದೆ. ಅಲ್ಲಿಯವರೆಗೆ ನಾನು ಕೇಳಿದ್ದು ಅಟೆಂಡರೊಬ್ಬರನ್ನು ಮಾತ್ರ. ಉಪನ್ಯಾಸಕರ ಅಂಕಿಗಳು ಅಚ್ಚುಕಟ್ಟಾಗಿದ್ದುದರಿಂದ ಅವರನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಒಬ್ಬರು ಮರುದಿನವೇ ಕೊಟ್ಟರು. ಇನ್ನೊಬ್ಬರು "ಹುಡುಕ್ತಿದ್ದೀನಿ" ಅನ್ನುತ್ತಲೇ ಇದ್ದಾರೆ, ಇಂದಿಗೂ. ವರದಿಯಲ್ಲಿ ಮೂವರ ಅಂಕಿಗಳಷ್ಟೇ ಹೋದವು. ಜೂನ್‌ನಲ್ಲಿ ಸಿದ್ದರಾಜು ನಮ್ಮ ಲ್ಯಾಬಿಗೆ ಬಂದರು. ಸಂಶಯ ಪಡುವುದು ನನ್ನ ಕೆಲಸವೇ, ಅದನ್ನು ಬಿಟ್ಟಿಲ್ಲ. ಯಾರ ಮೇಲೆ ಮೊದಲು ಬರುತ್ತದೆ, ಯಾರ ಮೇಲೆ ಬರುವುದೇ ಇಲ್ಲ ಎಂಬುದನ್ನೂ ಈಗ ಬರೆದಿಟ್ಟುಕೊಳ್ಳುತ್ತೇನೆ.

ಹೆಮ್ಮಿಗೆಯಲ್ಲಿ ಆ ರಾತ್ರಿ ಒಂಬತ್ತೂವರೆಗೆ ತಾಯಿ ಬಡಿಸಿದರು. ಬಿಸಿ ಮುದ್ದೆ, ಉಪ್ಪೆಸರು, ಕೊನೆಗೆ ಮಜ್ಜಿಗೆ, ಜೊತೆಗೆ ಅದೇ ಆಲೆಮನೆಯ ಒಂದು ಹೆಂಟೆ ಬೆಲ್ಲ. ಚಿತ್ರ ತೆಗೆಯುವುದು ಹನ್ನೊಂದೂವರೆಯವರೆಗೆ ಇತ್ತು. ಕೊನೆಯ ಚಿತ್ರದವರೆಗೂ ಕಣ್ಣು ಮುಚ್ಚಬಾರದೆಂದು ನಿಶ್ಚಯಿಸಿಕೊಂಡು ಬಂದವಳು ನಾನು. ಒಗೆದ ಕಂಬಳಿಯನ್ನು ಹಜಾರದಲ್ಲಿ ಹಾಸಿಕೊಟ್ಟರು. ಖಾಲಿ ಚೀಲವನ್ನು ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡೆ. ಅಂಗಳದಲ್ಲಿ ಕ್ಯಾಮೆರಾ ಒಮ್ಮೆ ಕ್ಲಿಕ್ ಅಂದದ್ದು ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ. ಆ ಮನೆಯಲ್ಲಿ ಅಂದು ಮೊದಲು ನಿದ್ದೆ ಹೋದವಳು ನಾನೇ.