ಸೊಂಟದಲ್ಲಿ ತೆಗೆದ ಹಕ್ಕಿ

ಟೈಲರಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಪಕ್ಕದಂಗಡಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಫ್ರೇಮಿನವನಿಗೆ ಈಗಲೂ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ಕೇಳಿದಂತಾಗುತ್ತದೆ. ಆದರೆ ಅವಳನ್ನು ನೆನೆದರೆ ಅಳುವಿಗಿಂತ ಮೊದಲು ನಗು ಬರುತ್ತದೆ. ಅದಕ್ಕೆ ಕಾರಣ ಒಂದು ಹಕ್ಕಿ.

ಐವತ್ತು ದಾಟಿದ ಮೇಲೆ ಅವಳಿಗೆ ಫೋಟೊ ಹುಚ್ಚು ಹತ್ತಿತ್ತು. ಅಣ್ಣ ಕೊಟ್ಟ ಹಳೇ ಕ್ಯಾಮೆರಾ ಹೆಗಲಿಗೇರಿಸಿ, ಬೆಳಗಾಗುತ್ತಲೇ ಬಸ್ ಡಿಪೋ ಹಿಂದಿನ ಕೆರೆದಂಡೆಯಲ್ಲಿ ಬೋರಲು ಮಲಗುವಳು. ನೀರಿನಲ್ಲಿ ನಿಂತು ಹುಳು ಹೆಕ್ಕುವ ಉದ್ದಕಾಲಿನ ಹಕ್ಕಿಗಳೆಂದರೆ ಅವಳಿಗೆ ಪ್ರಾಣ. ಪ್ರಿಂಟು ಬಂದ ಮೇಲೆ, ಶರ್ಟಿನ ಡಬ್ಬಿಯ ರಟ್ಟಿನಿಂದ ಮಾಡಿದ, ಎಲ್ ಆಕಾರದ ಎರಡು ಮೂಲೆಗಳನ್ನು ಅದರ ಮೇಲೆ ಅತ್ತಿತ್ತ ಸರಿಸಿ, ಎಲ್ಲಿ ಕತ್ತರಿಸಬೇಕೆಂದು ನೋಡುವಳು. ಹಕ್ಕಿ ನೋಡುವ ಕಡೆ ಜಾಗ ಜಾಸ್ತಿ, ಬೆನ್ನ ಹಿಂದೆ ಕಮ್ಮಿ. ನೀರಿನೊಳಗಿನ ಬಿಂಬದ ಕೊಕ್ಕಿನ ತುದಿಯೂ ಉಳಿಯಬೇಕು. "ಒಂದು ತೋಳು ಬಿಟ್ಟು ಶರ್ಟ್ ಹೊಲಿದು ಕೊಡ್ತೀನಾ?" ಎನ್ನುವಳು.

ಗ್ರಂಥಾಲಯದವರು ತಮ್ಮ ಹೊಸ ಓದುವ ಕೋಣೆಗೆ ಅವಳದೊಂದು ಚಿತ್ರ ಬೇಕೆಂದು ಕೇಳಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕು ಜನ ನೋಡುವ ಕಡೆ ತನ್ನದೊಂದು ಚಿತ್ರ ಇರಬೇಕೆಂಬುದು ಎಷ್ಟೋ ವರ್ಷಗಳ ಆಸೆ. ಆರಿಸಿದ್ದು ಕೆಂಪು ಕಾಲಿನ ಹಕ್ಕಿಯನ್ನು. ಮೇಲೆ ಹಕ್ಕಿ, ಕೆಳಗೆ ಕನ್ನಡಿಯಂಥ ನೀರಿನಲ್ಲಿ ಅದರ ಬಿಂಬ. ಪ್ರಿಂಟಿನ ಎತ್ತರ ಎರಡಡಿ. ಕೋಣೆಗೆ ಹೋಗಿ ಅಳೆದು ನೋಡಿದರೆ, ಪುಸ್ತಕದ ಕಪಾಟಿನ ಮೇಲೆ ಉಳಿದಿದ್ದ ಗೋಡೆ ಹದಿನೆಂಟೇ ಇಂಚು. ಉದ್ಘಾಟನೆ ಮಾರನೇ ದಿನ.

"ಚಿಕ್ಕ ಪ್ರಿಂಟ್ ಹಾಕಿಸು" ಎಂದ ಫ್ರೇಮಿನವ.

"ಆಮೇಲೆ ಜನ ಸೊಳ್ಳೆ ಅಂತಾರೆ."

"ಹಾಗಾದ್ರೆ ನೀರು ಕತ್ತರಿಸು. ಹಕ್ಕಿ ಇದ್ರೆ ಸಾಕಲ್ವಾ?"

"ನಿನ್ನ ತಲೆ! ಬರೀ ಹಕ್ಕಿ ಯಾರು ಬೇಕಾದ್ರೂ ತೆಗೀತಾರೆ ಕಣೋ."

ಮಧ್ಯಾಹ್ನವಿಡೀ ಅವಳು ಮುಖ ಊದಿಸಿಕೊಂಡು ಕಾಜಾ ಹೊಲಿದಳು. ಸಂಜೆ ಹೊತ್ತಿಗೆ ಎದುರುಮನೆಯ ನರ್ಸು ಉದ್ದವಾದ ಲಂಗವೊಂದನ್ನು ತಂದಳು.

"ಗಿಡ್ಡ ಮಾಡ್ಬೇಕು ಅಕ್ಕಾ. ಕೆಳಗೆ ಕಸೂತಿ ಇದೆ, ಹಾಳಾಗಬಾರದು."

"ಅಜ್ಜಿಗೆ ಕೆಮ್ಮೋದು ಕಲಿಸ್ತೀಯಾ? ಅಂಚು ಚೆಂದ ಇದ್ರೆ ಕೆಳಗೆ ಮುಟ್ಟಬಾರದು, ಮೇಲೆ ಸೊಂಟದಲ್ಲಿ ತೆಗೀಬೇಕು" ಎಂದ ಟೈಲರಮ್ಮ ಹಾಗೇ ನಿಂತುಬಿಟ್ಟಳು. ಮರುಕ್ಷಣ ಟೇಪು ಕೊರಳಲ್ಲಿರುವಂತೆಯೇ ಫ್ರೇಮಿನ ಅಂಗಡಿಗೆ ಓಡಿದಳು.

ರಟ್ಟಿನ ಮೂಲೆಗಳನ್ನಿಟ್ಟು ಮೇಲಿನ ಎಂಟಿಂಚು ಮುಚ್ಚಿದಳು. ಹಕ್ಕಿಯ ತಲೆ, ಮೈ ಎಲ್ಲ ಮಾಯ. ಉಳಿದದ್ದು ನೀರಿನ ಮೇಲೆ ಎರಡು ಕೆಂಪು ಕಾಲು, ಕೆಳಗೆ ಬಿಂಬ, ಇಡಿಯಾಗಿ.

"ಹಕ್ಕೀನೇ ಹೋಯ್ತಲ್ಲೇ!"

"ಎಲ್ಲಿಗೆ ಹೋಗುತ್ತೆ? ನೀರಲ್ಲಿ ಕಾಣ್ತಿಲ್ವಾ? ನಿನ್ನ ಕಟ್ಟಿಗೂ ಎರಡಿಂಚು ಬೇಕಲ್ಲ, ಹೊಲಿಗೆಗೆ ಬಿಡೋ ಹಾಗೆ ಅದನ್ನೂ ಬಿಟ್ಟಿದೀನಿ. ಕತ್ತರಿಸು."

ಅವನು ಎರಡೆರಡು ಸಲ ಅಳೆದು ನೋಡಿದ. ಕೊನೆಗೆ ಕತ್ತರಿಸಿದ.

ಮರುದಿನ ಚಿತ್ರದ ಮುಂದೆ ಮೊದಲು ನಿಂತವರು ಪತ್ರಿಕೆ ಓದಲು ಬಂದ ಅಜ್ಜ. ಬಿಂಬ ನೋಡಿದರು, ಕಾಲು ನೋಡಿದರು, ಕನ್ನಡಕ ಸರಿಮಾಡಿಕೊಂಡು ನಿಧಾನಕ್ಕೆ ಕತ್ತೆತ್ತಿ ಸೂರಿನತ್ತ ನೋಡಿದರು. "ಹಕ್ಕಿ ಎಲ್ಲಮ್ಮಾ?" ಅವರ ಹಿಂದಿದ್ದವರೂ ಕತ್ತೆತ್ತಿದರು. ಭಾಷಣಕ್ಕೆ ಬಂದಿದ್ದ ಅಧ್ಯಕ್ಷರೂ ಎತ್ತಿದರು.

ಟೈಲರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೋಡೋ, ಒಂದೇ ಸಲಕ್ಕೆ ಎಲ್ಲರ ಕಾಲರ್ ಅಳತೆ ತಗೋಬಹುದು!"

ಮೊನ್ನೆ ಫ್ರೇಮಿನವ ಆ ಚಿತ್ರದ ಗಾಜು ಒರೆಸಲು ಹೋಗಿದ್ದ. ಮೇಲಿನ ಎಂಟಿಂಚು ಕತ್ತರಿಸಿದವನು ಅವನೇ. ಆದರೂ ಒರೆಸಿ ಮುಗಿಸಿದವನು ಬಟ್ಟೆ ಹಿಡಿದುಕೊಂಡೇ ಒಮ್ಮೆ ಮೇಲೆ ನೋಡಿದ.