ಮುಡಿ ಕೊಟ್ಟ ಬಿಂದುಶ್ರೀ

ಹರಕೆಯನ್ನು ಬಾಕಿ ಇಟ್ಟುಕೊಳ್ಳಬಾರದು ಎಂದು ಬಿಂದುಶ್ರೀಗೆ ಹೇಳಿದವಳು ನಾನೇ. ನನ್ನ ಬಾಯಿಗೆ ಬೆಂಕಿ ಬೀಳ.

ಅಮೆರಿಕದ ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ಮಂಡ್ಯ ಕಡೆಯ ಹುಡುಗಿ. ಸೊಂಟ ದಾಟಿದ ಜಡೆ, ಸಾಫ್ಟ್‌ವೇರ್ ಕೆಲಸ, ಪರಿಚಯದವರಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತಿಗೆಂದು ಮೆಂತ್ಯದ ಉಂಡೆ ಕಟ್ಟಿಕೊಂಡು ಹೋಗುವ ಜೀವ. ಮಗಳು ಮಾನ್ಯಾಗೆ ಆಟಿಸಂ ಎಂದು ಡಾಕ್ಟರು ಹೇಳಿದ ದಿನವೂ ಆಫೀಸಿಗೆ ರಜೆ ಹಾಕಲಿಲ್ಲ. ಸಂಜೆ ಬಂದು ನಮ್ಮ ಅಡುಗೆಮನೆಯಲ್ಲಿ ಅತ್ತಳು. ಮಗು ಒಮ್ಮೆ ಅಮ್ಮ ಎಂದರೆ ಸಾಕು, ತಿರುಪತಿಗೆ ಮುಡಿ ಕೊಡುತ್ತೇನೆ ಎಂದು ಅಲ್ಲೇ ಹರಕೆ ಹೊತ್ತಳು.

ನಾಲ್ಕು ತುಂಬಿದ ಮೇಲೆ ಮಾನ್ಯಾ ಒಂದು ದಿನ ಅವಳ ಜಡೆ ಹಿಡಿದು "ಅಮ್ಮ" ಎಂದಳು. ಎರಡೂ ಮನೆಯಲ್ಲಿ ಪಾಯಸ. ನಾನು ಸುಮ್ಮನಿರಬೇಕೋ ಬೇಡವೋ, "ಮೊದ್ಲು ಹೋಗಿ ಹರಕೆ ತೀರಿಸ್ಬಿಡು" ಎಂದೆ. ಮಗುವನ್ನು ಗಂಡ ಸಾಗರ್ ಕೈಗೆ ಬಿಟ್ಟು ಹೋದವಳು ಎರಡು ವಾರದ ಮೇಲೆ ತಲೆ ಬೋಳಿಸಿಕೊಂಡು ಬಂದಳು.

ಬಾಗಿಲಲ್ಲಿ ಅವಳನ್ನು ಕಂಡು ಮಗು ಕಿರುಚಿತು. "ಮಾನೂ, ನಾನು ಕಣೇ" ಎಂದರೆ ಇನ್ನೂ ಹೆದರಿತು. ದನಿ ಅಮ್ಮನದು, ನಿಂತವಳು ಯಾರೋ. ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡಿತು.

ಇಂಥ ಕೆಲವು ಮಕ್ಕಳಿಗೆ ಮುಖ ಗುರುತು ಹಿಡಿಯುವುದು ಕಷ್ಟ ಎಂದು ಥೆರಪಿಸ್ಟ್ ವಿವರಿಸಿದರು. ಮಾನ್ಯಾ ಇಷ್ಟು ದಿನ ತಾಯಿಯನ್ನು ಕಂಡು ಗುರುತಿಸುತ್ತಿದ್ದದ್ದು ಜಡೆಯಿಂದಂತೆ. ಬಿಂದುಶ್ರೀ ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿದಾಗಲೆಲ್ಲ ಮಗು ಅಳುತ್ತಿತ್ತು. ಹಠ ಎಂದು ನಾವು ಗದರುತ್ತಿದ್ದೆವು. ನಮ್ಮ ಬುದ್ಧಿಗೆ ಮಂಕು ಕವಿದಿತ್ತು.

ಸಾಗರ್ ವಿಗ್ಗು ತಂದ. ಮಗು ಅದನ್ನು ಮೂಸಿ ನೋಡಿ ಎಸೆಯಿತು.

"ಕೂದ್ಲು ಬೆಳೆಯುತ್ತೆ ಬಿಡೇ" ಎಂದೆ.

"ಅಷ್ಟುದ್ದ ಆಗೋಕೆ ವರ್ಷಗಟ್ಲೆ ಬೇಕು ಜಲಜಾ ಆಂಟಿ. ಅಷ್ಟರಲ್ಲಿ ಇವಳು ನನ್ನ ಮರೆತೇಬಿಡ್ತಾಳೆ."

ದೇವರ ಮೇಲೂ ಸಿಟ್ಟು ಬಂತು. ನನ್ನ ಮೇಲೆ ಬಂದದ್ದು ಹೇಳತೀರದು.

ನಿನ್ನೆ ಸಂಜೆ ಹೋದಾಗ ಮಾನ್ಯಾ ಕಿಟಕಿಗೆ ಮೂಗು ಒತ್ತಿಕೊಂಡು ಪಾರ್ಕಿಂಗ್ ಕಡೆ ನೋಡುತ್ತ ನಿಂತಿದ್ದಳು. ಒಂದೊಂದು ಕಾರು ಬಂದಾಗಲೂ "ಅಮ್ಮ, ಅಮ್ಮ" ಎನ್ನುತ್ತಿದ್ದಳು. ಬಿಂದುಶ್ರೀ ಅವಳ ಹಿಂದೆ ನಾಲ್ಕಡಿ ದೂರದಲ್ಲಿ ನೆಲದ ಮೇಲೆ ಕುಳಿತಿದ್ದಳು. ಓಗೊಟ್ಟರೆ ಮಗು ಹೆದರುತ್ತದೆಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.